ಒಡೆದರೂ ಸಂಖ್ಯೆಯೇ

ಅಪ್ಪನಿಗೆ ಮಾತು ಹೋದ ಮೇಲೂ ಅರೆಯ ಮಗ್ಗಿ ಉಳಿದಿತ್ತು.

ಲಕ್ವ ಹೊಡೆದು ಅವರ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಆಸ್ಪತ್ರೆಯಿಂದ ಗೌರಿಬಿದನೂರಿನ ಮನೆಗೆ ಕರೆತಂದ ಮೇಲೂ ಬಾಯಿಂದ ಒಂದಕ್ಷರ ಹೊರಟಿರಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಗಂಜಿ ಕುಡಿಸುತ್ತಾ, ಮಕ್ಕಳಿಗೆ ತಿನ್ನಿಸುವಾಗ ಎಣಿಸುತ್ತಾರಲ್ಲ ಹಾಗೆ, "ಒಂದು..." ಎಂದಳಂತೆ. ತಕ್ಷಣ ಅಪ್ಪ "ಒಂದರೆ ಅರೆ, ಎರಡರೆ ಒಂದು, ಮೂರರೆ ಒಂದೂವರೆ, ನಾಲ್ಕರೆ ಎರಡು" ಎಂದು ಹತ್ತರವರೆಗೂ ನೀರು ಕುಡಿದಷ್ಟು ಸಲೀಸಾಗಿ ಹೇಳಿಬಿಟ್ಟರಂತೆ. ಅಮ್ಮ ಬಟ್ಟಲು ಅಲ್ಲೇ ಬಿಟ್ಟು ಬೀದಿಗೆ ಓಡಿಬಂದು ಅಕ್ಕಪಕ್ಕದವರನ್ನು ಕೂಗಿದಳು. ತಂಗಿ ನನಗೆ ಫೋನು ಮಾಡಿ ಅತ್ತಳು. ನಾನಾಗ ಚಿಕ್ಕಬಳ್ಳಾಪುರದ ಆಫೀಸಿನಲ್ಲಿದ್ದೆ. ಕೌಂಟರಿನ ಮುಂದೆ ಖಾತೆ ಬದಲಾವಣೆಗೆಂದು ಸಾಲು ನಿಂತಿದ್ದವರ ಎದುರಿಗೇ ನಾನೂ ಅತ್ತೆ. ಅವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ನೋಡಲಿ, ನನಗೇನು! ನಮ್ಮಪ್ಪನಿಗೆ ಮಾತು ಬಂದಿತ್ತು.

ಬಂದಿರಲಿಲ್ಲ. "ನೀರು ಬೇಕಾ ಅಪ್ಪಾ?" ಎಂದು ಕೇಳಿದರೆ ಅಪ್ಪ ಹುಬ್ಬು ಗಂಟಿಕ್ಕಿ, ಕುತ್ತಿಗೆಯ ನರ ಉಬ್ಬಿಸಿ ಒದ್ದಾಡಿ, ಕೊನೆಗೆ "ಮೂರರೆ ಒಂದೂವರೆ" ಎನ್ನುತ್ತಿದ್ದರು. ತಾನು ಹೇಳಹೊರಟದ್ದು ಅದಲ್ಲ ಎಂದು ಅವರಿಗೇ ಗೊತ್ತಾಗುತ್ತಿತ್ತು. ಎಡಗೈಯಿಂದ ಹಾಸಿಗೆ ಗುದ್ದುತ್ತಿದ್ದರು. ಅಷ್ಟು ವರ್ಷ ಪಾಠ ಮಾಡಿದ ಬಾಯಿ ಒಂದು ಲೋಟ ನೀರು ಕೇಳಲಾರದೆ ಹೋಯಿತಲ್ಲ ಎಂದು ನನಗೆ ದೇವರ ಮೇಲೇ ಕೋಪ ಬರುತ್ತಿತ್ತು. ಈಗಲೂ ಇಳಿದಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಮಾತು ಕಲಿಸುವ ಥೆರಪಿಸ್ಟ್ ಒಬ್ಬಳಿದ್ದಾಳೆಂದು ಗೊತ್ತಾಗಿ ವಾರಕ್ಕೊಮ್ಮೆ ಅಪ್ಪನನ್ನು ಕಾರು ಮಾಡಿಕೊಂಡು ಕರೆದೊಯ್ಯಲು ಶುರುಮಾಡಿದೆವು. ಚಿಕ್ಕ ಹುಡುಗಿ, ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಆದರೆ ತಾಳ್ಮೆಯವಳು. ಮಗ್ಗಿ ಕೇಳಿ ಅವಳು ನಮ್ಮಂತೆ ಕುಣಿಯಲಿಲ್ಲ.

"ಮೇಡಂ, ಇದು ಮಾತಲ್ಲ. ಮಗ್ಗಿ, ವಾರದ ಹೆಸರು, ಭಜನೆ ಇವೆಲ್ಲ ಬಾಯಿಪಾಠ ಆಗಿರುತ್ತಲ್ಲ, ಒಂದು ತಳ್ಳಿದ್ರೆ ಸಾಕು, ತಾನಾಗೇ ಉರುಳ್ಕೊಂಡು ಬರುತ್ತೆ. ಬೇಕಾದ ಜಾಗದಲ್ಲಿ ಬೇಕಾದ ಪದ ಒಂದೇ ಒಂದು ಸಾರ್ ತಾವೇ ಹುಡುಕಿ ಹೇಳ್ಲಿ. ಅವತ್ತು ಖುಷಿ ಪಡೋಣ."

"ಯಾವ ಪದ?" ಅಂತ ಅಮ್ಮ ಕೇಳಿದಳು.

"ಯಾವುದಾದ್ರೂ ಆಗ್ಲಿ ಅಮ್ಮ. ಅವರದ್ದು ಅಂತ ಒಂದು ಪದ."

ಅಂದಿನಿಂದ ನಮ್ಮ ಮನೆಯಲ್ಲಿ ಆ ಒಂದು ಪದಕ್ಕಾಗಿ ಕಾಯುವುದೇ ಕೆಲಸವಾಯಿತು.

ಅಪ್ಪ ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ನಾನೂ ಅವರ ಕ್ಲಾಸಿನಲ್ಲಿ ಕೂತು ಕಲಿತವಳೇ. ಮನೆಯಲ್ಲಿ ಅಪ್ಪ, ಶಾಲೆಯ ಗೇಟು ದಾಟಿದರೆ ಸಾರ್. ಭಿನ್ನರಾಶಿ ಶುರುವಾಗುವ ದಿನ ಅವರು ಒಂದು ಮಣ್ಣಿನ ಮುಚ್ಚಳ ಹಿಡಿದುಕೊಂಡು ಬರುತ್ತಿದ್ದರು. ಹಾಜರಿ ಕೂಗಿ, ಕನ್ನಡಕ ಒರೆಸಿ, ಏನೂ ಹೇಳದೆ ಮುಚ್ಚಳವನ್ನು ಕಲ್ಲಿನ ನೆಲದ ಮೇಲೆ ಬಿಡುತ್ತಿದ್ದರು. ಫಳ್! ಹಿಂದಿನ ಬೆಂಚಿನವರು 'ಹೋ' ಎನ್ನುತ್ತಿದ್ದರು.

"ಏನಾಯ್ತ್ರಪ್ಪ?"

"ಒಡೆದೋಯ್ತು ಸಾರ್!"

"ಅಷ್ಟೇ ಕಣ್ರೋ ಭಿನ್ನ ಅಂದ್ರೆ. ಸಂಸ್ಕೃತದಲ್ಲಿ ಭಿದ್ ಅಂದ್ರೆ ಒಡೆ, ಸೀಳು. ಒಡೆದದ್ದು ಭಿನ್ನ. ರಾಶಿ ಅಂದ್ರೆ ಇಲ್ಲಿ ಕಣದಲ್ಲಿರೋ ರಾಗಿ ರಾಶಿ ಅಲ್ಲ, ಸಂಖ್ಯೆ ಅಂತ. ಒಡೆದ ಸಂಖ್ಯೆ ಭಿನ್ನರಾಶಿ. ಇದಕ್ಕೆ ಹೆದರ್ಕೊಂಡು ಜ್ವರ ಬರಿಸ್ಕೊಳ್ತೀರಲ್ಲೋ!"

ಆಮೇಲೆ ಕೆಳಗಿನ ಸಂಖ್ಯೆಗೆ ಛೇದ ಎಂದೇಕೆ ಹೆಸರು, ಮೇಲಿನದಕ್ಕೆ ಅಂಶ ಎಂದೇಕೆ ಹೆಸರು ಎಂದು ಹೇಳುತ್ತಿದ್ದರು. ಛೇದ ಅಂದರೆ ಕತ್ತರಿಸಿದ್ದು, ಎಷ್ಟು ತುಂಡು ಮಾಡಿದೆವು ಎಂಬ ಲೆಕ್ಕ. ಅಂಶ ಅಂದರೆ ಪಾಲು, ಅದರಲ್ಲಿ ನಾವು ತೆಗೆದುಕೊಂಡದ್ದೆಷ್ಟು ಎಂಬ ಲೆಕ್ಕ. "ಒಡೆಯೋದು, ಕತ್ತರಿಸೋದು, ಪಾಲು ಹಾಕೋದು. ಈ ಹೆಸರಿಟ್ಟ ಪುಣ್ಯಾತ್ಮ ಅಣ್ಣತಮ್ಮಂದಿರು ಬೇರೆ ಆಗೋದನ್ನ ನೋಡಿದ್ದ ಅಂತ ಕಾಣುತ್ತೆ" ಎಂದು ತಾವೇ ನಗುತ್ತಿದ್ದರು. ನಮ್ಮ ಅಜ್ಜಿಯಂದಿರ ಅರೆ, ಕಾಲು, ಮುಕ್ಕಾಲು, ಹದಿನಾರರಲ್ಲೊಂದು ಪಾಲಾದ ವೀಸ, ಇವುಗಳ ಮೇಲೆ ಅವರಿಗೆ ಇನ್ನೂ ಹೆಚ್ಚು ಪ್ರೀತಿ. ಅವು ಯಾವುದರಲ್ಲೂ ಒಡೆದದ್ದು ಎಂಬ ಸೊಲ್ಲಿಲ್ಲ, ಒಂದಕ್ಕೆ ಇರುವಂತೆ ಅರೆಗೂ ತನ್ನದೇ ಹೆಸರಿದೆ, ತನ್ನದೇ ಮಗ್ಗಿಯಿದೆ ಎನ್ನುತ್ತಿದ್ದರು. ಪಠ್ಯದಲ್ಲಿ ಇಲ್ಲದಿದ್ದರೂ ಅರೆಯ ಮಗ್ಗಿಯನ್ನು ಎಲ್ಲರ ಬಾಯಲ್ಲೂ ಹೇಳಿಸುತ್ತಿದ್ದರು.

ಕೊನೆಗೆ ಬಗ್ಗಿ ಮುಚ್ಚಳದ ಒಂದು ಚೂರು ಎತ್ತಿ ಹಿಡಿಯುತ್ತಿದ್ದರು.

"ಒಡೀತು ಅಂತ ಲೆಕ್ಕದಿಂದ ಆಚೆ ಹಾಕಂಗಿಲ್ಲ. ಇದನ್ನ ಕೂಡಬಹುದು, ಕಳೀಬಹುದು, ಗುಣಿಸಬಹುದು, ಭಾಗಿಸಬಹುದು. ಇಡೀ ಸಂಖ್ಯೆ ಮಾಡೋ ಕೆಲಸ ಎಲ್ಲಾ ಇದೂ ಮಾಡುತ್ತೆ. ಏನಂದೆ? ಒಡೆದರೂ?"

"ಸಂಖ್ಯೆಯೇ ಸಾರ್!" ಎಂದು ನಾವೆಲ್ಲ ಹೆಂಚು ಹಾರುವಂತೆ ಕೂಗಬೇಕಿತ್ತು.

ಭಿನ್ನ ಎಂಬ ಪದದ ಹಿಂದೆ ಬಿದ್ದ ಹುಚ್ಚು ಅಪ್ಪನೊಬ್ಬರದೇ ಅಲ್ಲ. ಶಿಡ್ಲಘಟ್ಟದಲ್ಲಿ ಅವರಿಗೊಬ್ಬ ಗೆಳೆಯರಿದ್ದರು, ಉರ್ದು ಶಾಲೆಯ ಗಣಿತದ ಮೇಷ್ಟ್ರು. ಪರೀಕ್ಷೆಯ ಪೇಪರು ತಿದ್ದಲು ಹೋದಾಗ ಅಕ್ಕಪಕ್ಕ ಕೂತು ಪರಿಚಯವಾದವರು. ಅವರ ಮನೆಯವರದು ರೇಷ್ಮೆ ನೂಲು ಬಿಚ್ಚುವ ಕೆಲಸ, ಹಾಗಾಗಿ ಮೇಷ್ಟ್ರ ಶರ್ಟಿಗೂ ಬೇಯಿಸಿದ ಗೂಡಿನ ವಾಸನೆ ಅಂಟಿರುತ್ತಿತ್ತು. ಒಮ್ಮೆ ನಮ್ಮ ಮನೆಯಲ್ಲಿ ಟೀ ಕುಡಿಯುತ್ತಾ, "ಮೇಷ್ಟ್ರೇ, ನಮ್ಮಲ್ಲಿ ಇದಕ್ಕೆ ಕಸ್ರ್ ಅಂತೀವಿ. ಅರಬಿ ಮಾತು. ಅದರರ್ಥನೂ ಮುರಿದದ್ದು ಅಂತಾನೇ" ಎಂದರು. ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಇಂಗ್ಲಿಷಿನ ಫ್ರಾಕ್ಷನ್ ಕೂಡ ಲ್ಯಾಟಿನ್ನಿನ ಮುರಿಯುವುದರಿಂದ ಬಂದದ್ದು, ಕೈ ಫ್ರಾಕ್ಚರ್ ಆಯಿತು ಎನ್ನುತ್ತೇವಲ್ಲ, ಅದರ ಒಡಹುಟ್ಟು ಎಂದು ಅಪ್ಪ ಹೇಳಿದರು. ಅರಬರದನ್ನು ನೋಡಿ ಲ್ಯಾಟಿನ್ನಿನವರು ಮಾಡಿಕೊಂಡದ್ದು ಎಂದು ಗೆಳೆಯರು. ಅರಬರು ನಮ್ಮ ಭಿನ್ನ ನೋಡಿ ಮಾಡಿಕೊಂಡಿರಬೇಕು ಎಂದು ಇವರು. ಅದಕ್ಕೆ ಪುರಾವೆ ಎಲ್ಲಿ ಎಂದು ಅವರು. ಅಮ್ಮ ಒಳಗಿನಿಂದ, "ಇಬ್ರೂ ಸೇರಿ ನನ್ನ ತಲೆ ಭಿನ್ನ ಮಾಡ್ಬೇಡಿ, ಊಟಕ್ಕೆ ಏಳಿ" ಎಂದಳು.

ಅಮ್ಮನಿಗೆ ಆ ಪದ ಹಿಡಿಸುತ್ತಿರಲಿಲ್ಲ. ಅವಳಿಗೆ ಭಿನ್ನ ಎಂದರೆ ದೇವರ ಮನೆಯ ವಿಷಯ. ವಿಗ್ರಹ ಭಿನ್ನವಾದರೆ ಪೂಜೆಗೆ ಸಲ್ಲದು, ಮನೆಯಲ್ಲಿ ಇಡಬಾರದು, ಅರಳಿಕಟ್ಟೆಗೆ ಬಿಟ್ಟು ಬರಬೇಕು. ನಮ್ಮ ಮನೆಯ ಪುಟ್ಟ ಕಲ್ಲಿನ ಗಣಪತಿ ಒಮ್ಮೆ ತೊಳೆಯುವಾಗ ಕೈಜಾರಿ ಸೊಂಡಿಲ ತುದಿ ಹಾರಿಹೋಯಿತು. ಅಮ್ಮ ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ವಿದುರಾಶ್ವತ್ಥದ ನಾಗರಕಲ್ಲುಗಳ ನಡುವೆ ಬಿಟ್ಟು ಬಂದಳು. ಮಾರನೆಯ ದಿನ ಅಪ್ಪ ಬಸ್ಸಿನಲ್ಲಿ ಹೋಗಿ ವಾಪಸ್ಸು ತಂದರು.

"ಮುಕ್ಕಾಲಿಗಿಂತ ಜಾಸ್ತಿ ದೇವರು ಇನ್ನೂ ಇದಾನೆ ಕಣೇ. ಚೂರು ಹೋಯ್ತು ಅಂತ ಬಿಸಾಕ್ತೀಯಾ?"

"ಬಿಡ್ತು ಅನ್ನಿ! ಭಿನ್ನವಾದ್ದನ್ನ ಮನೇಲಿಟ್ಕೊಂಡ್ರೆ ಮನೆ ಯಜಮಾನನಿಗೆ ಆಗಲ್ಲ."

"ಆಗ್ದಿದ್ರೆ ನನಗೆ ತಾನೆ" ಎಂದು ಅಪ್ಪ ನಕ್ಕು, ಗಣಪತಿಯನ್ನು ತಮ್ಮ ಮೇಜಿನ ಮೇಲೆ ಕಾಗದಗಳು ಹಾರದಂತೆ ಇಟ್ಟರು. ಅದು ಅಲ್ಲೇ ವರ್ಷಗಟ್ಟಲೆ ಇತ್ತು.

ಅಪ್ಪನಿಗೆ ಲಕ್ವ ಹೊಡೆದಾಗ ನೋಡಲು ಬಂದ ದೊಡ್ಡಪ್ಪನ ಕಣ್ಣು ಮೊದಲು ಬಿದ್ದದ್ದೇ ಆ ಗಣಪತಿಯ ಮೇಲೆ. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ವಿದುರಾಶ್ವತ್ಥದ ಹತ್ತಿರದ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವವರು, ಅಪ್ಪನನ್ನು ಓದಿಸಿದವರೇ ಅವರು. "ನೋಡಿದ್ರಾ? ಅವತ್ತೇ ಹೇಳ್ದೆ. ಭಿನ್ನವಾಗಿರೋದನ್ನ ಎದುರಿಗಿಟ್ಕೊಂಡು ಕೂತ, ಈಗ ತಾನೂ ಹಂಗೇ ಆದ" ಎಂದು ಹಾಸಿಗೆಯ ಪಕ್ಕದಲ್ಲೇ ನಿಂತು ಹೇಳಿದರು. ಮಾತು ಹೋದವರಿಗೆ ಕಿವಿಯೂ ಹೋಗಿರುತ್ತದೆ ಎಂದುಕೊಳ್ಳುವುದು ಎಲ್ಲರಿಗೂ ಇರುವ ರೋಗ. ಬಂದವರೆಲ್ಲ ಅಪ್ಪನ ತಲೆಯ ಮೇಲಿಂದಲೇ ಅಪ್ಪನ ಬಗ್ಗೆ ಮಾತಾಡುತ್ತಿದ್ದರು. ಬಿದ್ದವನಿಗೆ ಆಳಿಗೊಂದು ಕಲ್ಲು! ನನ್ನ ಮೈ ಉರಿದುಹೋಯಿತು. "ದೊಡ್ಡಪ್ಪ, ಅಪ್ಪನಿಗೆ ಎಲ್ಲಾ ಕೇಳ್ಸುತ್ತೆ, ಎಲ್ಲಾ ಅರ್ಥ ಆಗುತ್ತೆ, ಡಾಕ್ಟ್ರೇ ಹೇಳಿದಾರೆ" ಎಂದೆ. "ಆಗ್ಲಿ ಬಿಡಮ್ಮ, ಸುಳ್ಳೇನು ಹೇಳ್ಲಿಲ್ವಲ್ಲ" ಎಂದರು. ಮುಂದಿನ ವಾರ ನಾನು ಹೋದಾಗ ಮೇಜಿನ ಮೇಲೆ ಗಣಪತಿ ಇರಲಿಲ್ಲ. ಅಮ್ಮ ನನ್ನ ಮುಖ ನೋಡದೆ ಸೊಪ್ಪು ಬಿಡಿಸುತ್ತಿದ್ದಳು. ಅಪ್ಪ ಮಾತ್ರ ಹಾಸಿಗೆಯಿಂದ ಆ ಖಾಲಿ ಜಾಗವನ್ನು ನೋಡುತ್ತಾ ಮಲಗಿದ್ದರು.

ಈ ನಡುವೆ ತಂಗಿಯ ಮದುವೆ ನಿಶ್ಚಯವಾಯಿತು. ಗಂಡಿನವರು ಚಿಂತಾಮಣಿಯವರು, ಸರಳ ಜನ, ಕೈವಾರದ ಛತ್ರದಲ್ಲಿ ಮಾಡಿಕೊಡಿ ಸಾಕು ಎಂದರು. ಪ್ರಶ್ನೆ ಎದ್ದದ್ದು ಧಾರೆಯದು. ತಂದೆತಾಯಿ ಒಟ್ಟಾಗಿ ನಿಂತು, ಹೆಣ್ಣು ಗಂಡಿನ ಕೈ ಕೂಡಿಸಿ, ತೆಂಗಿನಕಾಯಿಯ ಮೇಲೆ ಹಾಲೆರೆದು ಮಗಳನ್ನು ಒಪ್ಪಿಸಬೇಕು. ನನ್ನ ಧಾರೆಯಲ್ಲಿ ಅಪ್ಪ ಗಡಿಬಿಡಿಯಲ್ಲಿ ಚೊಂಬನ್ನು ಬೋರಲು ಹಾಕಿ, ನನ್ನ ಸೀರೆಯ ನೆರಿಗೆಯೆಲ್ಲ ತೊಯ್ದುಹೋಗಿ, ದಿನವಿಡೀ ಹಾಲಿನ ಕಮಟು ವಾಸನೆಯಲ್ಲಿ ಓಡಾಡಿದ್ದೆ.

"ಬಲಗೈ ಸತ್ತಿದೆ. ಎಡಗೈಲಿ ಧಾರೆ ಎರೆಯೋಕಾಗುತ್ತಾ? ನಾನೂ ನಿಮ್ಮ ದೊಡ್ಡಮ್ಮನೂ ಎರೀತೀವಿ" ಎಂದರು ದೊಡ್ಡಪ್ಪ. "ಭಿನ್ನವಾದ ವಿಗ್ರಹಕ್ಕೆ ಪೂಜೆ ಮಾಡ್ತೀವಾ? ಇದೂ ಹಂಗೇ. ಮಗು ಬಾಳು ಚೆನ್ನಾಗಿರ್ಬೇಕು ಅಂತ ತಾನೆ ನಾನು ಹೇಳೋದು. ಏಂ ಚೇಸ್ತಾಂ, ಏನ್ ಮಾಡೋಕಾಗುತ್ತೆ, ಅವನ ಹಣೇಬರ."

ಅವರ ದನಿಯಲ್ಲಿ ದ್ವೇಷವಿರಲಿಲ್ಲ, ಅದೇ ನನಗೆ ಇನ್ನೂ ಕಷ್ಟವಾದದ್ದು. ದ್ವೇಷವಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಆದರೆ ತಂಗಿ ಬಿಡಲಿಲ್ಲ. "ನಮ್ಮಪ್ಪ ಎರೀಬೇಕು. ಇಲ್ಲಾಂದ್ರೆ ನಂಗೆ ಈ ಮದುವೆನೇ ಬೇಡ" ಎಂದು ಕದ ಹಾಕಿಕೊಂಡಳು. ಪುರೋಹಿತರನ್ನು ಕೇಳಿದರೆ ಅವರು ಎಲೆ ಅಡಿಕೆ ಮೆಲ್ಲುತ್ತಾ, "ಅದಕ್ಕೇನಂತೆ, ತಾಯಿಯವರು ಕೈ ಹಿಡ್ಕೊಂಡ್ರೆ ಆಯ್ತು. ಎಡಗೈ ಆದ್ರೂ ತಂದೆ ಕೈ ತಂದೆ ಕೈಯೇ" ಎಂದುಬಿಟ್ಟರು.

ಅಂದಿನಿಂದ ಸಂಜೆಯ ಹೊತ್ತು ಹಿತ್ತಲಲ್ಲಿ ಅಭ್ಯಾಸ. ತುಳಸಿ ಗಿಡದ ಮುಂದೆ ಕುರ್ಚಿ ಹಾಕಿ ಅಪ್ಪನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದೆವು. ಎಡಗೈಗೆ ನೀರು ತುಂಬಿದ ಚೊಂಬು ಕೊಟ್ಟರೆ ಮೊದಮೊದಲು ಅರ್ಧ ನೀರು ಅವರ ಪಂಚೆಯ ಮೇಲೇ. ಆಮೇಲಾಮೇಲೆ ಸಣ್ಣಗೆ ಧಾರೆ ಬಿಡುವುದು ಬಂತು. ತಂಗಿ ಎದುರಿಗೆ ಬೊಗಸೆ ಹಿಡಿದು, "ಅಕ್ಕನ್ ಸೀರೆ ಒದ್ದೆ ಮಾಡ್ದಂಗೆ ನನ್ನ ಸೀರೆ ಒದ್ದೆ ಮಾಡ್ಬಿಟ್ರೆ ನೋಡಿ ಮತ್ತೆ!" ಎಂದು ಗದರುತ್ತಿದ್ದಳು. ಅಪ್ಪ ನಗುತ್ತಿದ್ದರು. ಅರ್ಧ ಮುಖ ಮಾತ್ರ ನಗುತ್ತಿತ್ತು, ಆದರೂ ನಗುವೇ. ಆ ಸಂಜೆಗಳಲ್ಲಿ ನಾನು ನಂಬಿಬಿಟ್ಟೆ. ಧಾರೆ ಎರೆಯುವ ಹೊತ್ತಿಗೆ ಮಗಳ ಹೆಸರಾದರೂ ಬಾಯಿಗೆ ಬರುತ್ತದೆ, ಥೆರಪಿಸ್ಟ್ ಹೇಳಿದ ಆ ಒಂದು ಪದ ಅದೇ ಆಗಿರುತ್ತದೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ.

ಮದುವೆಯ ದಿನ ಬೆಳಿಗ್ಗೆ ಅಪ್ಪನಿಗೆ ರೇಷ್ಮೆ ಪಂಚೆ ಉಡಿಸಿ, ಸತ್ತ ಕೈಯನ್ನು ಶಲ್ಯದ ಒಳಗೆ ಮುಚ್ಚಿ, ಮಂಟಪದ ಪಕ್ಕ ಕುರ್ಚಿಯಲ್ಲಿ ಕೂರಿಸಿದೆವು. ಶಿಡ್ಲಘಟ್ಟದ ಮೇಷ್ಟ್ರು ಮುಂಚೆಯೇ ಬಂದು ಅವರ ಪಕ್ಕ ಕೂತು, ಎಡಗೈ ಹಿಡಿದುಕೊಂಡು ಅದೂ ಇದೂ ಹೇಳುತ್ತಿದ್ದರು. ನೆಂಟರು ಬಂದು ಬಂದು ನೋಡಿ ಹೋದರು. "ಪಾಪಂ, ಎಂಥಾ ಮನುಷ್ಯ ಎಂಗಾಗಿಬಿಟ್ಟ!" "ಇವರೇ ಎರೀತಾರಂತಾ? ಸರಿ ಹೋಗುತ್ತಾ ಅದು?" "ಯಾಕೋ ಮನಸ್ಸಿಗೆ ಬರಲ್ಲಪ್ಪ." ಎಲ್ಲವೂ ಅಪ್ಪನ ತಲೆಯ ಮೇಲಿಂದಲೇ. ಥೂ, ಇವರ ಬಾಯಿಗಿಷ್ಟು! ಆದರೆ ಮದುವೆ ಮನೆಯಲ್ಲಿ ಯಾರ್ಯಾರ ಬಾಯಿ ಮುಚ್ಚಿಸಲಿ? ನಾನು ಹೂವಿನ ತಟ್ಟೆ ಹಿಡಿದು ಓಡಾಡುತ್ತಿದ್ದೆ.

ಪುರೋಹಿತರು ಕೂಗಿದರು. ನಾನೂ ಮೇಷ್ಟ್ರೂ ಎರಡು ಕಡೆ ಹಿಡಿದು ಅಪ್ಪನನ್ನು ಮಂಟಪಕ್ಕೆ ಹತ್ತಿಸಿದೆವು. ತಂಗಿ ತಲೆ ಬಗ್ಗಿಸಿ, ಗಂಡಿನ ಕೈಯ ಮೇಲೆ ಕೈಯಿಟ್ಟು, ತೆಂಗಿನಕಾಯಿ ಹಿಡಿದು ನಿಂತಿದ್ದಳು. ಅಮ್ಮ ಹಾಲಿನ ಚೊಂಬನ್ನು ಅಪ್ಪನ ಎಡಗೈಗೆ ಕೊಟ್ಟು ತನ್ನ ಕೈಯನ್ನು ಅದರ ಕೆಳಗೆ ಹಿಡಿದಳು. ಹಿತ್ತಲಿನ ಅಭ್ಯಾಸದಂತೆಯೇ ಎಲ್ಲವೂ ನಡೆದಿತ್ತು. ಅಪ್ಪ ಚೊಂಬನ್ನು ಎತ್ತಿದರು. ಎತ್ತಿ, ತಂಗಿಯ ಕೈಗಳನ್ನು ನೋಡಿ, ಸುತ್ತ ನಿಂತವರ ಮುಖಗಳನ್ನು ಒಮ್ಮೆ ನೋಡಿ, ಅಮ್ಮನ ಕೈಯಿಂದ ಚೊಂಬನ್ನು ಬಿಡಿಸಿಕೊಂಡು ಪಕ್ಕದಲ್ಲಿದ್ದ ದೊಡ್ಡಪ್ಪನ ಕಡೆ ಚಾಚಿದರು.

ದೊಡ್ಡಪ್ಪ ತಬ್ಬಿಬ್ಬಾದರು. "ಬ್ಯಾಡ ಕಣೋ, ನೀನೇ ಎರಿ. ನಾನೇನೋ ಬಾಯಿಗೆ ಬಂದಂಗೆ ಅಂದೆ, ಎರಿ ಕಣೋ ನನ್ನಪ್ಪ" ಎನ್ನುವಾಗ ಅವರ ದನಿ ಒಡೆಯಿತು. ಅಪ್ಪ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. "ಮುಹೂರ್ತ ಮೀರುತ್ತೆ" ಎಂದರು ಪುರೋಹಿತರು. ದೊಡ್ಡಪ್ಪ ಚೊಂಬು ಹಿಡಿದುಕೊಳ್ಳಲೇಬೇಕಾಯಿತು. ಕೈ ಖಾಲಿಯಾದ ಮೇಲೆ ಅಪ್ಪ ಆ ಎಡ ಅಂಗೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡರು. ತುಟಿ ಅಲುಗಿತು. ಹುಬ್ಬು ಗಂಟಿಕ್ಕಲಿಲ್ಲ, ನರ ಉಬ್ಬಲಿಲ್ಲ, ಒದ್ದಾಟವೇ ಇರಲಿಲ್ಲ.

"ಭಿನ್ನ" ಎಂದರು.

ಅಷ್ಟರಲ್ಲಿ ಗಟ್ಟಿಮೇಳ ಶುರುವಾಯಿತು. ಆ ಗದ್ದಲದಲ್ಲಿ ಅದು ಕೇಳಿಸಿದ್ದು ಹತ್ತಿರವಿದ್ದ ನಮಗಷ್ಟೇ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಂಗಿ ತಲೆ ಎತ್ತಿದಳು, ಪುರೋಹಿತರು ಮತ್ತೆ ತಗ್ಗಿಸಿದರು. ಶಿಡ್ಲಘಟ್ಟದ ಮೇಷ್ಟ್ರು ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು, ಓಲಗದ ಸದ್ದನ್ನೂ ಮೀರಿಸಿ, "ಒಡೆದರೂ? ಮೇಷ್ಟ್ರೇ, ಒಡೆದರೂ? ಹೇಳಿ, ಒಡೆದರೂ?" ಎಂದು ಕೇಳುತ್ತಲೇ ಇದ್ದರು. ಅಪ್ಪ ಮಾತ್ರ, ದೊಡ್ಡಪ್ಪ ಎರೆದ ಹಾಲು ತಂಗಿಯ ಕೈಯಿಂದ ತಟ್ಟೆಗೆ ಬೀಳುವುದನ್ನು ನೋಡುತ್ತಾ ನಿಂತಿದ್ದರು. ಸೀರೆಗೆ ಒಂದು ತೊಟ್ಟೂ ಬೀಳಲಿಲ್ಲ.

ಊರಿನವರಿಗೆಲ್ಲ ಒಡೆದರೂ ಸಂಖ್ಯೆಯೇ ಎಂದು ಕಲಿಸಿದವರು ತಮ್ಮನ್ನು ತಾವೇ ಲೆಕ್ಕದಿಂದ ಆಚೆ ಹಾಕಿಕೊಂಡರು. ದೊಡ್ಡಪ್ಪನ ಮಾತಿಗೆ ಅಂದು ನಾನು ಎದುರಾಡಿದ್ದೆ. ಇದಕ್ಕೆ ಯಾರೊಡನೆ ಎದುರಾಡಲಿ? ಅವರಿಗೆ ಅವರೇ ಹೇಳಿಕೊಂಡ ಮಾತು ಅದು. ಮದುವೆಯಾದ ಮೇಲೆ ಮನೆಯಲ್ಲಿ "ಒಂದು" ಎಂದು ಶುರುಮಾಡಿ ಕೊಟ್ಟರೆ ಅರೆಯ ಮಗ್ಗಿಯೂ ಬರಲಿಲ್ಲ. ಅಮ್ಮ ಗಂಜಿ ಕುಡಿಸುವಾಗ ಎಣಿಸುವುದನ್ನು ಬಿಟ್ಟಳು.

ಮುಂದಿನ ಸಲ ಥೆರಪಿಗೆ ಹೋದಾಗ, ಹೊಸ ಪದ ಏನಾದರೂ ಬಂತಾ ಎಂದು ಆ ಹುಡುಗಿ ಎಂದಿನಂತೆ ಕೇಳಿದಳು. ಅಮ್ಮನೇ ಹೇಳಿಬಿಟ್ಟಳು, "ಮದುವೇಲಿ ಭಿನ್ನ ಅಂದ್ರು."

ಹುಡುಗಿ ಕುರ್ಚಿಯಲ್ಲಿ ನೆಟ್ಟಗಾದಳು. "ನಿಜವಾಗ್ಲೂ? ತಾವಾಗೇ? ಯಾರೂ ಹೇಳ್ಕೊಡ್ದೇ?"

"ತಾವಾಗೇ" ಎಂದಳು ಅಮ್ಮ.

"ಭಿನ್ನ ಅಂದ್ರೆ ಬೇರೆ ಥರ ಅಂತ ಅಲ್ವಾ ಮೇಡಂ? ಯಾವ ಸಂದರ್ಭದಲ್ಲಿ ಹೇಳಿದ್ರು?"

"ಅವರು ಗಣಿತದ ಮೇಷ್ಟ್ರು" ಎಂದೆ.

"ಓ, ಫ್ರಾಕ್ಷನ್ಸ್! ಸೂಪರ್ ಅಲ್ವಾ? ನೋಡಿ, ನಾನು ಹೇಳಿರ್ಲಿಲ್ವಾ? ಬಂದ ಪದ ಬಿಡ್ಬಾರ್ದು. ಇದರಿಂದಾನೇ ಶುರು ಮಾಡೋಣ." ಅವಳ ಮುಖ ಅರಳಿತ್ತು. ಎಷ್ಟೋ ವಾರ ನಮ್ಮಷ್ಟೇ ಕಾದಿದ್ದಳು ಪಾಪ, ಅವಳ ಮೇಲೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಕುರ್ಚಿಯನ್ನು ಅಪ್ಪನ ಎದುರಿಗೆ ಎಳೆದುಕೊಂಡು, ಬಾಯಿ ಕಾಣುವಂತೆ ಕೂತು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಸಾರ್, ನನ್ನ ತುಟಿ ನೋಡಿ. ಹೇಳಿ. ಭಿನ್ನ."

ಅಪ್ಪ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಹೇಳಿದ್ದನ್ನು ಕೇಳುವ ಒಳ್ಳೆಯ ವಿದ್ಯಾರ್ಥಿಯಂತೆ ಅವಳ ತುಟಿ ನೋಡಿದರು.

"ಭಿನ್ನ."

"ವೆರಿ ಗುಡ್ ಸಾರ್!" ಅವಳು ಚಪ್ಪಾಳೆ ತಟ್ಟಿದಳು. "ಇನ್ನೊಂದ್ ಸಲ."

ಅಪ್ಪ ಇನ್ನೊಂದು ಸಲ ಹೇಳಿದರು.